ಗಂಧಕದ ಕಾಲಂ: ನೈಟ್ರೇಟ್ ಇಳಿಯಿತು, ಆದರೆ ನೈಟ್ರೈಟ್ ಮತ್ತು ಕೊಳೆತ ಮೊಟ್ಟೆ ವಾಸನೆ

ಪ್ರಶ್ನೆ:
ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 100 ಮಿ.ಗ್ರಾಂ. ಅದನ್ನು ಇಳಿಸಲು ಗಂಧಕದ ಕಾಲಂ (ಬ್ಯಾಕ್ಟೀರಿಯಾ ಗಂಧಕ ಬಳಸಿ ನೈಟ್ರೇಟನ್ನು ನೈಟ್ರೋಜನ್ ಅನಿಲವಾಗಿಸುವ ಕೊಳವೆ) ಇಟ್ಟಿದ್ದೇವೆ. ಕಾಲಂನಲ್ಲಿ 2–5 ಮಿ.ಮೀ. ಗಂಧಕದ ಹರಳು 3 ಪಾಲು, ಸುಣ್ಣಕಲ್ಲಿನ ಚೂರು 1 ಪಾಲು. ನೀರು ಕೆಳಗಿನಿಂದ ಮೇಲಕ್ಕೆ. ಐದು ವಾರಕ್ಕೆ ನೈಟ್ರೇಟ್ 40ಕ್ಕೆ ಇಳಿದಿದೆ, ಆದರೆ ನೈಟ್ರೈಟ್ 5 ಬರುತ್ತಿದೆ. ರಾತ್ರಿ ಪಂಪ್ ನಿಲ್ಲಿಸಿದರೆ ಬೆಳಗಿನ ಮೊದಲ ನೀರಿಗೆ ಕೊಳೆತ ಮೊಟ್ಟೆ ವಾಸನೆ. ಮಧ್ಯಾಹ್ನದ ಹೊತ್ತಿಗೆ ಹರಿವೂ ಕುಗ್ಗುತ್ತದೆ. ಎಲ್ಲಿ ತಪ್ಪಿದೆ?

ಉತ್ತರ 1:
ವಾಸನೆ ನಿಂತ ನೀರಿನದು ಸರ್. ಪಂಪ್ ನಿಂತ ಮೇಲೆ ಉಳಿದ ನೈಟ್ರೇಟನ್ನೂ ಬ್ಯಾಕ್ಟೀರಿಯಾ ಮುಗಿಸುತ್ತವೆ. ಅದು ಖಾಲಿಯಾದರೆ ಸಲ್ಫೇಟ್ ಬಳಸುವ ಜಾತಿಗಳ ಸರದಿ. ಹೈಡ್ರೋಜನ್ ಸಲ್ಫೈಡ್ ಹುಟ್ಟುವುದು ಹಾಗೆ. ರಾತ್ರಿ ಹಸಿ ನೀರನ್ನು (ಬೋರ್‌ವೆಲ್‌ನಿಂದ ನೇರ ಬರುವುದನ್ನು) ಸಣ್ಣಗೆ ಹರಿಯಲು ಬಿಡಿ. ಆಗದಿದ್ದರೆ ಬೆಳಿಗ್ಗೆ ಕಾಲಂ ಹಿಡಿಯುವಷ್ಟು ನೀರನ್ನು ಚೆಲ್ಲಿಬಿಡಿ.

ನೈಟ್ರೈಟ್ ಎಂದರೆ ನೈಟ್ರೋಜನ್ ಆಗುವ ಮೊದಲೇ ಅರ್ಧ ದಾರಿಯಲ್ಲಿ ನಿಂತ ನೈಟ್ರೇಟ್. ಅದಕ್ಕೆ ಮೊದಲು ಹರಿವನ್ನು ಅರ್ಧಕ್ಕಿಳಿಸಿ ಒಂದು ವಾರ ನೋಡಿ. ಆಗಲೂ ಇಳಿಯದಿದ್ದರೆ ರಂಜಕದ ಕೊರತೆ ಇರಬಹುದು, ಅಂತರ್ಜಲದಲ್ಲಿ ಅದು ಅಪರೂಪವಲ್ಲ. ಲೀಟರಿಗೆ 0.1–0.2 ಮಿ.ಗ್ರಾಂ. ರಂಜಕ ಸಿಗುವಷ್ಟು ಆಹಾರ ದರ್ಜೆಯ ಫಾಸ್ಫೇಟ್ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ನೈಟ್ರೈಟ್‌ಗೆ 3 ಮಿ.ಗ್ರಾಂ.; ಅದಕ್ಕಿಂತ ಕೆಳಗೆ ಬರುವ ತನಕ ಈ ನೀರನ್ನು ಯಾರಿಗೂ, ಅದರಲ್ಲೂ ಹಸುಗೂಸಿಗೆ, ಕೊಡಲೇಬೇಡಿ.

ಉತ್ತರ 2:
ಹರಿವು ಕುಗ್ಗುವುದು ನೈಟ್ರೋಜನ್ ಗುಳ್ಳೆಗಳಿಂದ. ಪಾರದರ್ಶಕ ಪೈಪ್ ಇದ್ದರೆ ಹರಳುಗಳ ನಡುವೆ ಸಾಸಿವೆ ಗಾತ್ರದ ಗುಳ್ಳೆಗಳು ಸಿಕ್ಕಿಕೊಂಡಿರುವುದು ಕಾಣುತ್ತದೆ. ದಿನಕ್ಕೊಮ್ಮೆ ಒಂದೆರಡು ನಿಮಿಷ ಜೋರಾಗಿ ನೀರು ಹಾಯಿಸಿದರೆ ಬಿಡಿಸಿಕೊಳ್ಳುತ್ತವೆ. ಅರ್ಧ ಗಂಟೆ ಉಜ್ಜಿದಂತೆ ತೊಳೆದರೆ ಹರಳಿನ ಮೇಲಿನ ಲೋಳೆಪದರವೇ ಕಿತ್ತುಹೋಗಿ ನೈಟ್ರೈಟ್ ಮತ್ತೆ ಏರುತ್ತದೆ. ಕ್ಲೋರಿನ್ ಹಾಕಿದ ನೀರಿನಿಂದಂತೂ ತೊಳೆಯಬೇಡಿ.

ಪ್ರಶ್ನೆ ಕೇಳಿದವರು:
ಹಸಿ ನೀರಿನಲ್ಲಿ ಸಲ್ಫೇಟ್ 180, ಕ್ಷಾರೀಯತೆ (ಆಮ್ಲವನ್ನು ತಡೆಯುವ ಶಕ್ತಿ) 220 ಇದೆ. ಪರವಾಗಿಲ್ಲವೇ?

ಉತ್ತರ 3:
ಸಲ್ಫೇಟ್ ತೊಂದರೆಯೇ. ಇಳಿದ 60 ಮಿ.ಗ್ರಾಂ. ನೈಟ್ರೇಟ್ ಎಂದರೆ ನೈಟ್ರೋಜನ್ ಲೆಕ್ಕದಲ್ಲಿ 13.54 (4.43ರಿಂದ ಭಾಗಿಸಿ, ಲ್ಯಾಬ್ ವರದಿ ಯಾವ ಲೆಕ್ಕದಲ್ಲಿದೆ ಎಂದು ತಪ್ಪದೆ ನೋಡಿ). ಪ್ರತಿ ಮಿ.ಗ್ರಾಂ. ನೈಟ್ರೋಜನ್‌ಗೆ ಸುಮಾರು 7.5 ಸಲ್ಫೇಟ್ ಹುಟ್ಟುತ್ತದೆ, 4.6 ಕ್ಷಾರೀಯತೆ ಖರ್ಚಾಗುತ್ತದೆ, 2.5 ಗಂಧಕ ಕರಗುತ್ತದೆ. ನಿಮಗೆ 102 ಸೇರಿ 282 ಆಯಿತು. ನೀರಿನಲ್ಲಿ ಕರಗಿದ ಆಮ್ಲಜನಕವೂ ಗಂಧಕ ತಿನ್ನುತ್ತದೆ: 6 ಮಿ.ಗ್ರಾಂ. ಇದ್ದರೆ ಇನ್ನೂ 12 ಸಲ್ಫೇಟ್. 250 ದಾಟಿದರೆ ನಾಲಿಗೆಗೆ ಗೊತ್ತಾಗಬಹುದು.

ಕ್ಷಾರೀಯತೆ ಖರ್ಚು 62 ಮಾತ್ರ, ನಿಮ್ಮಲ್ಲಿ 220 ಇದೆ. ಅದನ್ನು ತುಂಬಿಕೊಡಲು ಸುಣ್ಣಕಲ್ಲು ಬೇಕಿಲ್ಲ; ಅದರ ಜಾಗದಲ್ಲೂ ಗಂಧಕ ತುಂಬಿದರೆ ಸಂಪರ್ಕ ಸಮಯ ಹೆಚ್ಚುತ್ತದೆ. ಆದರೆ ಇಷ್ಟು ಸಲ್ಫೇಟ್ ಮೊದಲೇ ಇರುವ ನೀರಿಗೆ ಗಂಧಕ ನನ್ನ ಮೊದಲ ಆಯ್ಕೆಯಲ್ಲ, ಅಸಿಟೇಟ್ ಅಥವಾ ಎಥನಾಲ್ ಹಾಕಿ ನಡೆಸುವ ವಿಧಾನ ವಾಸಿ. ಯಾವುದಾದರೂ ಸರಿ, ಕೊನೆಯಲ್ಲಿ ಗಾಳಿಯಾಡಿಸಿ, ಮರಳಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಹಾಕಿ.