ಉಬುಂಟು 8.04: ಗಣಕದೊಳಗಿನ ಡಯಲ್‌ಅಪ್ ಮೋಡೆಮ್‌ಗೆ ಡ್ರೈವರ್ ಅಳವಡಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಂಗೇರಿಯಿಂದ ಆಚೆ ಇರುವ ನಮ್ಮ ಬಡಾವಣೆಗೆ ಬ್ರಾಡ್‌ಬ್ಯಾಂಡ್ ಇನ್ನೂ ಬಂದಿಲ್ಲವಾದ್ದರಿಂದ ಮನೆಯ ಸ್ಥಿರ ದೂರವಾಣಿಯ ಮೂಲಕವೇ ಅಂತರಜಾಲಕ್ಕೆ ಹೋಗಬೇಕಾಗಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಪಿಸಿಐ ಮೋಡೆಮ್ ಕಾರ್ಡೊಂದು ನಮ್ಮ ಪೆಂಟಿಯಂ 4 ಗಣಕದಲ್ಲಿದ್ದು, ವಿಂಡೋಸ್ ಎಕ್ಸ್‌ಪಿಯಲ್ಲಿ ತಕರಾರಿಲ್ಲದೆ ಕೆಲಸ ಮಾಡುತ್ತದೆ. ಈಚೆಗೆ ಅದೇ ಗಣಕಕ್ಕೆ ಲಿನಕ್ಸ್ ಕುಟುಂಬದ ಕಾರ್ಯವ್ಯವಸ್ಥೆಯಾದ ಉಬುಂಟು 8.04 ಹಾಕಿದೆ. ಧ್ವನಿ, ಮುದ್ರಕ, ಪರದೆ ಎಲ್ಲವೂ ತಾವಾಗಿಯೇ ಸರಿಹೋದವು. ಮೋಡೆಮ್ ಮಾತ್ರ ಇಲ್ಲವೇ ಇಲ್ಲ ಎಂಬಂತಿದೆ.

ಕಾರ್ಡಿನ ಪೆಟ್ಟಿಗೆಯ ಮೇಲೆ '56ಕೆ ವಿ.92' ಎಂದಷ್ಟೇ ಅಚ್ಚಾಗಿದೆ, ತಯಾರಕರ ಹೆಸರಿಲ್ಲ. ಜೊತೆಗೆ ಬಂದ ಸಿ.ಡಿ.ಯಲ್ಲಿ ಹಳೆಯ ಲಿನಕ್ಸ್ ಆವೃತ್ತಿಯಾದ ರೆಡ್ ಹ್ಯಾಟ್ 9ಕ್ಕೆಂದು ಸಿದ್ಧಪಡಿಸಿದ ಡ್ರೈವರ್ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಒಂದಿದೆ. ಅದನ್ನು ಇನ್ಸ್‌ಮಾಡ್ ಆಜ್ಞೆಯಿಂದ ಕರ್ನಲ್‌ಗೆ (ಕಾರ್ಯವ್ಯವಸ್ಥೆಯ ತಿರುಳಿಗೆ) ಸೇರಿಸಲು ಹೋದರೆ ಮಾಡ್ಯೂಲಿನ (ಹಾಗೆ ಸೇರುವ ತುಣುಕಿನ) ಸ್ವರೂಪ ಸರಿಯಿಲ್ಲವೆಂಬ ಸಂದೇಶ ಬರುತ್ತದೆ. ಬಲವಂತವಾಗಿ ಸೇರಿಸುವ ದಾರಿಯೂ ಇದೆಯೆಂದು ಎಲ್ಲೋ ಓದಿದ್ದೇನೆ. ಹಾಗೆ ಮಾಡಬಹುದೇ? ಇದನ್ನು ಸೈಬರ್ ಕೆಫೆಯಿಂದ ಬರೆಯುತ್ತಿರುವುದರಿಂದ ದಿನಕ್ಕೊಮ್ಮೆ ಮಾತ್ರ ಉತ್ತರಗಳನ್ನು ನೋಡಲು ಸಾಧ್ಯ.

ಮೊದಲ ಉತ್ತರ

ಬಲವಂತ ಖಂಡಿತ ಬೇಡ. ರೆಡ್ ಹ್ಯಾಟ್ 9ರ ಕರ್ನಲ್ 2.4.20, ನಿಮ್ಮದು 2.6.24. ಈ ಎರಡರ ನಡುವೆ ಮಾಡ್ಯೂಲುಗಳನ್ನು ಕಟ್ಟುವ ಕ್ರಮವೇ ಬದಲಾಗಿದೆ. ಆಗ ಅವುಗಳ ಕಡತದ ಹೆಸರು 'ಒ' ಎಂದು ಮುಗಿಯುತ್ತಿತ್ತು, ಈಗ 'ಕೆಒ' ಎಂದು ಮುಗಿಯುತ್ತದೆ. ಆ ಸಿ.ಡಿ.ಯನ್ನು ಮರೆತುಬಿಡಿ.

ಪೆಟ್ಟಿಗೆಯ ಮೇಲಿನ 'ವಿ.92' ಎಂಬುದು ದೂರವಾಣಿ ತಂತಿಯ ಮೇಲೆ ಮಾತನಾಡುವ ಒಂದು ಶಿಷ್ಟಕ್ರಮದ ಹೆಸರು. ಅದರಿಂದ ಡ್ರೈವರ್ ಯಾವುದೆಂದು ತಿಳಿಯುವುದಿಲ್ಲ, ಏಕೆಂದರೆ ಬೇಕಾದದ್ದು ಕಾರ್ಡಿನ ಮೇಲಿರುವ ಚಿಪ್‌ನ ಗುರುತು. ನಿಜವಾದ ಮೋಡೆಮ್ ಒಂದರಲ್ಲಿ ಎರಡು ಭಾಗಗಳಿರುತ್ತವೆ: ಎಟಿ ಆಜ್ಞೆಗಳನ್ನು (ಗಣಕವು ಮೋಡೆಮ್‌ಗೆ ಕೊಡುವ ಆಜ್ಞೆಗಳನ್ನು) ಅರ್ಥಮಾಡಿಕೊಂಡು ದೋಷ ತಿದ್ದುವ ನಿಯಂತ್ರಕ, ಮತ್ತು ಅಂಕಿಗಳನ್ನು ಸ್ವರವಾಗಿಯೂ ಸ್ವರವನ್ನು ಅಂಕಿಗಳಾಗಿಯೂ ಮಾರ್ಪಡಿಸುವ ಸಂಕೇತ ಸಂಸ್ಕಾರಕ. ಕಾರ್ಡುಗಳನ್ನು ಅಗ್ಗ ಮಾಡುವ ಭರದಲ್ಲಿ ಕೆಲವು ತಯಾರಕರು ನಿಯಂತ್ರಕವನ್ನು ತೆಗೆದುಹಾಕಿ ಆ ಕೆಲಸವನ್ನು ಗಣಕಕ್ಕೆ ಹೊರಿಸಿದರು. ಇನ್ನು ಕೆಲವರು ಎರಡನ್ನೂ ತೆಗೆದು ತಂತಿ ಸಿಕ್ಕಿಸುವ ತೂತನ್ನಷ್ಟೇ ಉಳಿಸಿದರು ಎಂದರೂ ತಪ್ಪಾಗದು. ವಿನ್‌ಮೋಡೆಮ್ ಎಂದು ಕರೆಯುವುದು ಇಂಥವನ್ನೇ. ಉಳಿದ ಕೆಲಸ ಮಾಡಬೇಕಾದ ತಂತ್ರಾಂಶವನ್ನು ಅವರು ವಿಂಡೋಸ್‌ಗೆ ಬರೆದು ಮೂಲಸಂಕೇತವನ್ನು ಮುಚ್ಚಿಟ್ಟದ್ದರಿಂದ ಲಿನಕ್ಸ್ ಬಳಕೆದಾರರಿಗೆ ಈ ಪಾಡು.

ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಆಜ್ಞೆಯನ್ನು 'ಎನ್‌ಎನ್' ಆಯ್ಕೆಯೊಂದಿಗೆ ಕೊಡಿ. ಮೋಡೆಮ್ ಅಥವಾ ಕಮ್ಯುನಿಕೇಶನ್ ಕಂಟ್ರೋಲರ್ ಎಂದಿರುವ ಸಾಲಿನ ಕೊನೆಯಲ್ಲಿ ಚೌಕ ಆವರಣದೊಳಗೆ ನಾಲ್ಕು ಮತ್ತು ನಾಲ್ಕು ಅಕ್ಷರಗಳ ಸಂಕೇತ ಕಾಣುತ್ತದೆ. ಅದನ್ನು ಬರೆದುಕೊಂಡು ಬಂದು ಇಲ್ಲಿ ತಿಳಿಸಿ.

ಪ್ರಶ್ನೆ ಕೇಳಿದವರು

ನಿಮ್ಮ ವಿವರಣೆಗೆ ಧನ್ಯವಾದಗಳು. ಆ ಸಾಲಿನಲ್ಲಿ ಲ್ಯೂಸೆಂಟ್ ಎಂಬ ಹೆಸರೂ 11ಸಿ1:0440 ಎಂಬ ಸಂಕೇತವೂ ಇವೆ.

ಎರಡನೆಯ ಉತ್ತರ

ನನ್ನ ಸಲಹೆ ಬೇರೆ. ಇಷ್ಟೆಲ್ಲ ಒದ್ದಾಡುವ ಬದಲು ಸೀರಿಯಲ್ ಪೋರ್ಟಿಗೆ ಜೋಡಿಸುವ ಹೊರಗಿನ ಮೋಡೆಮ್ ಒಂದನ್ನು ಕೊಂಡರೆ ಡ್ರೈವರ್‌ನ ಗೊಡವೆಯೇ ಇರುವುದಿಲ್ಲ. ಅದರೊಳಗೆ ನಿಯಂತ್ರಕವೂ ಸಂಸ್ಕಾರಕವೂ ಇರುತ್ತವೆ, ಕರ್ನಲ್ ಅದನ್ನು ಸಾಮಾನ್ಯ ಸೀರಿಯಲ್ ಸಾಧನವೆಂದೇ ನೋಡುತ್ತದೆ. ಎಸ್.ಪಿ. ರಸ್ತೆಯಲ್ಲಿ ಬಳಸಿದ ಮಾಲೂ ಸಿಗುತ್ತದೆ. ಆದರೆ ಯುಎಸ್‌ಬಿ ಮೋಡೆಮ್ ಕೊಳ್ಳುವುದಾದರೆ ಎಚ್ಚರವಿರಲಿ: ಅವುಗಳಲ್ಲಿಯೂ ಪೊಳ್ಳು ಜಾತಿಯವು ಇವೆ. ಸಿಡಿಸಿ ಎಸಿಎಂ ಎಂಬ ಯುಎಸ್‌ಬಿ ಮೋಡೆಮ್‌ಗಳ ಶಿಷ್ಟಕ್ರಮಕ್ಕೆ ಹೊಂದುವುದನ್ನೇ ಕೇಳಿ ಪಡೆಯಬೇಕು.

ಮೊದಲ ಉತ್ತರ ಬರೆದವರು

ಹೊಸದಾಗಿ ಕೊಳ್ಳುವವರಿಗೆ ಇದು ಒಳ್ಳೆಯ ಮಾತೇ. ಆದರೆ ಈಗ ಕೈಯಲ್ಲಿರುವ ಕಾರ್ಡಿನ ಚಿಪ್ ಅದೃಷ್ಟಕ್ಕೆ ನಡುವಿನ ಜಾತಿಯದು. ಸಂಸ್ಕಾರಕ ಕಾರ್ಡಿನ ಮೇಲೆಯೇ ಇದೆ, ನಿಯಂತ್ರಕ ಮಾತ್ರ ಇಲ್ಲ. ಲ್ಯೂಸೆಂಟ್‌ನ ಚಿಪ್ ವಿಭಾಗ ಅಗೇರೆ ಎಂಬ ಪ್ರತ್ಯೇಕ ಕಂಪನಿಯಾಯಿತು, ಅದು 2007ರಲ್ಲಿ ಎಲ್‌ಎಸ್‌ಐ ಜೊತೆ ವಿಲೀನವಾಯಿತು. ಆದ್ದರಿಂದ ತಯಾರಕರಿಂದ ಹೊಸ ಡ್ರೈವರ್ ಬರುತ್ತದೆಂದು ಕಾಯುವುದು ವ್ಯರ್ಥ. ಹಳೆಯ ಎಲ್‌ಟಿಮೋಡೆಮ್ ಡ್ರೈವರ್ ಮುಚ್ಚಿದ ಸಂಕೇತವನ್ನು ಕರ್ನಲ್‌ನೊಳಗೇ ತಂದಿಡುತ್ತಿದ್ದುದರಿಂದ ಕರ್ನಲ್ ಬದಲಾದಾಗಲೆಲ್ಲ ಮುರಿಯುತ್ತಿತ್ತು. ನೀವು ಬಳಸಬೇಕಾದದ್ದು ಮಾರ್ಷಿಯನ್ ಎಂಬ ಡ್ರೈವರ್. ಅದರಲ್ಲಿ ಕರ್ನಲ್‌ಗೆ ಸೇರುವುದು ಯಂತ್ರಾಂಶವನ್ನು ಮುಟ್ಟುವ ಚಿಕ್ಕ ಮಾಡ್ಯೂಲ್ ಮಾತ್ರ. ಮುಚ್ಚಿದ ಭಾಗ ಸಾಮಾನ್ಯ ಪ್ರೋಗ್ರಾಮಿನಂತೆ ಹೊರಗೆ ಓಡುತ್ತದೆ. ಆ ಭಾಗ 32 ಬಿಟ್‌ನದಾದ್ದರಿಂದ ನಿಮ್ಮ ಉಬುಂಟು ಕೂಡ 32 ಬಿಟ್‌ನದಾಗಿರಬೇಕು.

ತೊಡಕಿರುವುದು ಸಾಮಗ್ರಿ ತರುವುದರಲ್ಲಿ, ಏಕೆಂದರೆ ಅಂತರಜಾಲಕ್ಕೆ ಹೋಗಲು ಬೇಕಾದದ್ದೆಲ್ಲವೂ ಅಂತರಜಾಲದಲ್ಲೇ ಇದೆ. ಮನೆಯಲ್ಲಿ 'ಯುನೇಮ್' ಆಜ್ಞೆಗೆ 'ಆರ್' ಸೇರಿಸಿ ಕೊಟ್ಟು, ಬರುವ ಕರ್ನಲ್ ಆವೃತ್ತಿಯನ್ನು ಅಡ್ಡಗೆರೆಯ ನಂತರದ ಅಂಕಿಯನ್ನೂ ಬಿಡದೆ ಬರೆದುಕೊಳ್ಳಿ. ಸೈಬರ್ ಕೆಫೆಯಲ್ಲಿ ಅದೇ ಆವೃತ್ತಿಯ ಕರ್ನಲ್ ಹೆಡರ್ ಪೊಟ್ಟಣಗಳನ್ನು (ಮಾಡ್ಯೂಲ್ ಕಟ್ಟಲು ಬೇಕಾದ ಕಡತಗಳು; ಅವು ಎರಡಿವೆ, 'ಜೆನೆರಿಕ್' ಎಂದಿರುವುದು ಮತ್ತು ಹಾಗಿಲ್ಲದ್ದು), ಕಂಪೈಲ್ ಮಾಡುವ ಸಲಕರಣೆಗಳಾದ ಬಿಲ್ಡ್ ಎಸೆನ್ಶಿಯಲ್ ಮತ್ತು ಅದರ ಅವಲಂಬನೆಗಳನ್ನು, ಡಯಲ್ ಮಾಡುವ ಪ್ರೋಗ್ರಾಮಾದ ಡಬ್ಲ್ಯುವಿಡಯಲ್ ಅನ್ನು, ಮಾರ್ಷಿಯನ್‌ನ ಮೂಲವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಒಂದಂಕಿ ತಪ್ಪಿದರೂ ಕಂಪೈಲ್ ಆದದ್ದು ಸೇರುವುದಿಲ್ಲ. ಮನೆಯಲ್ಲಿ ಪೊಟ್ಟಣಗಳನ್ನು ಅಳವಡಿಸಿದ ಮೇಲೆ ಮೂಲದ ಕಡತಕೋಶದಲ್ಲಿ 'ಮೇಕ್', ಅನಂತರ ಸುಡೋ (ನಿರ್ವಾಹಕರ ಅಧಿಕಾರದಿಂದ ಓಡಿಸುವ ಆಜ್ಞೆ) ಹಚ್ಚಿ 'ಮೇಕ್ ಇನ್‌ಸ್ಟಾಲ್'. ಬಳಿಕ ಮಾರ್ಷಿಯನ್ ಡೆವ್ ಎಂಬ ಮಾಡ್ಯೂಲನ್ನು ಮಾಡ್‌ಪ್ರೋಬ್‌ನಿಂದ ಸೇರಿಸಿ, ಮಾರ್ಷಿಯನ್ ಮೋಡೆಮ್ ಎಂಬ ಸಹಾಯಕ ಪ್ರೋಗ್ರಾಮನ್ನು ಸುಡೋದೊಂದಿಗೆ ಓಡಿಸಿದರೆ ಡೆವ್ ಕಡತಕೋಶದಲ್ಲಿ 'ಟಿಟಿವೈಎಸ್‌ಎಂ0' ಎಂಬ ಸಾಧನ ಮೂಡುತ್ತದೆ. ಡಬ್ಲ್ಯುವಿಡಯಲ್‌ನ ಸಂರಚನಾ ಕಡತದಲ್ಲಿ ಆ ಹೆಸರನ್ನು ಕೈಯಿಂದಲೇ ಬರೆಯಿರಿ, ಕ್ಯಾರಿಯರ್ ಚೆಕ್ ಎಂಬುದಕ್ಕೆ 'ನೋ' ಎಂದು ಕೊಡಿ.

ಪ್ರಶ್ನೆ ಕೇಳಿದವರು

ಮೂರು ದಿನ ಹಿಡಿಯಿತು, ಮೊದಲ ಸಲ ತಂದ ಹೆಡರ್ ಬೇರೆ ಆವೃತ್ತಿಯದಾಗಿತ್ತು. ಈಗ ಸಾಧನ ಮೂಡಿದೆ, ಎಟಿ ಎಂದರೆ ಓಕೆ ಎನ್ನುತ್ತದೆ. ಆದರೆ ಡಯಲ್ ಮಾಡಿದಾಗ 'ನೋ ಡಯಲ್‌ಟೋನ್' ಎಂದು ನಿಲ್ಲುತ್ತದೆ. ಅದೇ ತಂತಿಗೆ ದೂರವಾಣಿ ಸಿಕ್ಕಿಸಿದರೆ ಸ್ವರ ಸ್ಪಷ್ಟವಾಗಿ ಕೇಳಿಸುತ್ತದೆ.

ಮೊದಲ ಉತ್ತರ ಬರೆದವರು

ಇದು ಡ್ರೈವರ್‌ನ ದೋಷವಲ್ಲ. ಅಮೆರಿಕದ ಡಯಲ್‌ಟೋನ್ 350 ಮತ್ತು 440 ಹರ್ಟ್ಸ್‌ಗಳ ಜೋಡಿಸ್ವರ. ನಮ್ಮದು 25 ಹರ್ಟ್ಸ್‌ನಿಂದ ಅಲುಗಿಸಿದ 400 ಹರ್ಟ್ಸ್‌ನ ಸ್ವರ. ನಿಮ್ಮ ಮೋಡೆಮ್ ಬಹುಶಃ ಅಮೆರಿಕದ್ದಕ್ಕಾಗಿ ಕಿವಿಗೊಟ್ಟು ಕುಳಿತಿದೆ. ಡಬ್ಲ್ಯುವಿಡಯಲ್‌ನ ಕಡತದ ಇನಿಟ್ ಸಾಲಿಗೆ (ಮೋಡೆಮ್‌ಗೆ ಮೊದಲು ಹೋಗುವ ಆಜ್ಞೆಗಳ ಸಾಲಿಗೆ) 'ಎಟಿಎಕ್ಸ್3' ಸೇರಿಸಿದರೆ ಅದು ಸ್ವರಕ್ಕೆ ಕಾಯದೆ ಡಯಲ್ ಮಾಡುತ್ತದೆ, ಎದುರಿನ ಸಂಖ್ಯೆ ನಿರತವಾಗಿದ್ದರೆ ಅದನ್ನು ಮಾತ್ರ ಗುರುತಿಸುತ್ತದೆ.

ಪ್ರಶ್ನೆ ಕೇಳಿದವರು

ಇದನ್ನು ಮನೆಯಿಂದಲೇ ಬರೆಯುತ್ತಿದ್ದೇನೆ. ಸಂಪರ್ಕ ಸೆಕೆಂಡಿಗೆ 45,333 ಬಿಟ್ ವೇಗದಲ್ಲಿ ಸಿಕ್ಕಿತು. ಉಬುಂಟು ಹೊಸ ಕರ್ನಲ್ ಇದೆಯೆಂದು ಆಗಲೇ ಸೂಚಿಸುತ್ತಿದೆ. ಅದನ್ನು ಈ ತಂತಿಯ ಮೇಲೆ ಇಳಿಸುವ ಸಾಹಸಕ್ಕೆ ಹೋಗದೆ, ಅದರ ಹೆಡರ್‌ಗಳ ಸಮೇತ ಪೆನ್‌ಡ್ರೈವ್‌ನಲ್ಲೇ ತಂದು ಮಾರ್ಷಿಯನ್ ಮಾಡ್ಯೂಲನ್ನು ಮತ್ತೆ ಕಂಪೈಲ್ ಮಾಡುತ್ತೇನೆ. ಅಲ್ಲಿಯವರೆಗೆ ಹಳೆಯ ಕರ್ನಲ್ ಇರಲಿ.