ಮಳೆಗಾಲದಲ್ಲಿ ಶೂ, ಬೆಲ್ಟು, ಬ್ಯಾಗು ಎಲ್ಲಕ್ಕೂ ಬೂಷ್ಟು: ಏನು ಮಾಡೋದು?

ಹುಬ್ಬಳ್ಳಿ ಹುಡುಗ, ಮುಲುಂಡ್

ಮುಂಬೈ, ಪುಣೆ, ಗೋವಾ ಕಡೆ ಇರುವ ಕನ್ನಡದವರಿಗೆ ಒಂದು ಪ್ರಶ್ನೆ. ನನ್ನದು ಮುಲುಂಡ್‌ನಲ್ಲಿ ನೆಲಮಹಡಿ ಮನೆ, ಹಿಂದಿನ ಗೋಡೆಗೆ ಬಿಸಿಲೇ ಬೀಳುವುದಿಲ್ಲ. ಆಫೀಸು ಬಿಕೆಸಿಯಲ್ಲಿ (ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್), ಶೂ ಇಲ್ಲದೆ ಹೋದರೆ ಮ್ಯಾನೇಜರ್ ಮುಖ ಬಿಟ್ಟು ಕಾಲನ್ನೇ ನೋಡುತ್ತಾರೆ. ಮಳೆಯಲ್ಲಿ ಹಾಳಾಗಬಾರದು ಎಂದು ಒಳ್ಳೆಯ ಶೂ ಎರಡು ಜೊತೆ, ಕಂದು ಬೆಲ್ಟು, ಲ್ಯಾಪ್‌ಟಾಪ್ ಬ್ಯಾಗು ಎಲ್ಲವನ್ನೂ ಜೂನ್‌ನಲ್ಲೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಕಟ್ಟಿ ಕಪಾಟಿನಲ್ಲಿ ಇಟ್ಟಿದ್ದೆ. ಗಣಪತಿ ಹಬ್ಬಕ್ಕೆ ಊರಿಗೆ ಹೋಗಬೇಕು ಅಂತ ತೆಗೆದರೆ ಶೂ ಮೇಲೆಲ್ಲ ಬೆಳ್ಳಗೆ ಪುಡಿ, ಬೆಲ್ಟಿನ ಮೇಲೆ ಹಸಿರು ಚುಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಪಾಲಿಶ್ ಹಾಕಿದೆ. ವಾರ ಕಳೆಯುವುದರೊಳಗೆ ಮತ್ತೆ ಹಾಜರ್!

ಬ್ಯಾಗಿನದು ಬೇರೆಯೇ ಕಥೆ. ಮೇಲಿನ ಪದರ ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿದೆ, ಅಂಗಿಗೆಲ್ಲ ಕರಿ ಚೂರು. ಅಂಗಡಿಯವನು ‘ಪ್ಯೂರ್ ಲೆದರ್’ ಎಂದು ಆಣೆ ಹಾಕಿ ಕೊಟ್ಟಿದ್ದ.

ಅವ್ವ ಫೋನಿನಲ್ಲಿ ಕೊಬ್ಬರಿ ಎಣ್ಣೆ ಹಚ್ಚು ಅಂತಾಳೆ, ಪಕ್ಕದ ಮನೆಯವರು ನುಸಿಗುಳಿಗೆ ಇಡಿ ಅಂತಾರೆ. ಅಥಣಿಯಿಂದ ಮಾವ ಕೊಟ್ಟ ಕೊಲ್ಹಾಪುರಿ ಚಪ್ಪಲಿ ಕೂಡ ಇದೆ, ಇನ್ನೂ ಕಾಲಿಗೇ ಹಾಕಿಲ್ಲ. ಅದಕ್ಕೂ ಇದು ಹತ್ತಿಬಿಟ್ಟರೆ ಅನ್ನೋ ಹೆದರಿಕೆ. ಗೊತ್ತಿರುವವರು ಹೇಳ್ರಿ.

ಡೊಂಬಿವಲಿ ಫಾಸ್ಟ್

ಮಾರಾಯ್ರೇ, ಮೊದಲು ಆ ಪಾಲಿಶ್ ಡಬ್ಬಿ ಮುಚ್ಚಿಡಿ. ಬೂಷ್ಟಿನ ಮೇಲೆ ಪಾಲಿಶ್ ಹಾಕಿದರೆ ಅದು ಅಡಿಯಲ್ಲಿ ಆರಾಮಾಗಿ ಇರುತ್ತದೆ ಅಷ್ಟೇ. ನಾನು ಧಾರಾವಿಯ ಒಂದು ಲೆದರ್ ಬ್ಯಾಗ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವವನು, ಕಾರೀಗರ ಅಲ್ಲ. ಆದರೆ ದಿನವಿಡೀ ಅವರ ಮಧ್ಯೆಯೇ ಇರುವುದರಿಂದ ಇಷ್ಟು ಹೇಳಬಲ್ಲೆ.

ಶೂ, ಬೆಲ್ಟು ಎರಡನ್ನೂ ಮನೆ ಹೊರಗೆ ತೆಗೆದುಕೊಂಡು ಹೋಗಿ. ಒಳಗೆ ಕೊಡವಿದರೆ ಆ ಪುಡಿ ಹಾರಿ ಪಕ್ಕದ ಸೂಟಿನ ಮೇಲೆ, ಪರದೆ ಮೇಲೆ ಕೂರುತ್ತದೆ, ಮುಂದಿನ ತಿಂಗಳು ಅಲ್ಲಿಂದ ಶುರು. ಮೂಗಿಗೆ ಮಾಸ್ಕ್ ಹಾಕಿಕೊಂಡು ಒಣ ಬ್ರಷ್‌ನಿಂದ ಉಜ್ಜಿ. ಶೂ ಲೇಸ್ ಬಿಚ್ಚಿ, ನಾಲಿಗೆ ಎತ್ತಿ, ಹೊಲಿಗೆ ಸಂದಿಯೆಲ್ಲ ನೋಡಿ, ಬೂಷ್ಟು ಹೆಚ್ಚಾಗಿ ಅಡಗುವುದು ಅಲ್ಲೇ. ಆಮೇಲೆ ಮೆಡಿಕಲ್‌ನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೊಹಾಲ್ ತನ್ನಿ. ಅದಕ್ಕೆ ಅಷ್ಟೇ ನೀರು ಬೆರೆಸಿ, ಹಳೇ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಮೊದಲು ನಾಲಿಗೆಯ ಒಳಬದಿಯಲ್ಲಿ ಒಂದು ಚೂರು ಒರೆಸಿ ನೋಡಿ, ಕೆಲವು ಚರ್ಮದ ಬಣ್ಣ ಇದಕ್ಕೆ ಎದ್ದು ಬರುತ್ತದೆ. ಸ್ವೀಡ್ (ಮಖಮಲ್ಲಿನ ಹಾಗೆ ನವಿರಾದ ಚರ್ಮ) ಆದರೆ ಇದನ್ನು ಮಾಡಲೇಬೇಡಿ, ಒಣ ಬ್ರಷ್ ಮಾತ್ರ. ಕೈಗೆ ಹಾಕುವ ಜೆಲ್ ಸ್ಯಾನಿಟೈಸರ್ ಬೇಡ, ಅಂಟಂಟು ಉಳಿಯುತ್ತದೆ.

ಒರೆಸಿದ ಮೇಲೆ ನೆರಳಲ್ಲಿ, ಫ್ಯಾನ್ ಕೆಳಗೆ ಎರಡು ದಿನವಾದರೂ ಬಿಡಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಹದ ಮಾಡುವಾಗ ಚರ್ಮದೊಳಗೆ ಕೊಬ್ಬಿನಂಶ ಸೇರಿಸಿರುತ್ತಾರೆ, ಬಿಸಿ ತಾಗಿ ಅದು ಒಣಗಿದರೆ ಬಿರುಕು ಬಿಡುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಪೂರ್ತಿ ಒಣಗಿದ ಮೇಲೆ ಲೆದರ್ ಕಂಡೀಷನರ್ ತೆಳ್ಳಗೆ ಹಚ್ಚಿ, ಒಂದು ರಾತ್ರಿ ಬಿಟ್ಟು ನಂತರ ಪಾಲಿಶ್. ಸ್ಪಂಜ್ ಇರುವ ಲಿಕ್ವಿಡ್ ಪಾಲಿಶ್ ಬೇಡ. ಅದು ಮೇಲೆ ಪದರ ಕಟ್ಟಿ ದಿನ ಕಳೆದಂತೆ ಬಿರಿಯುತ್ತದೆ. ಡಬ್ಬಿಯ ಮೇಣದ ಪಾಲಿಶ್ ಅಥವಾ ಕ್ರೀಮ್ ಒಳ್ಳೆಯದು. ನಿಮಗೆ ಬೇಜಾರಾದರೆ ಸ್ಟೇಷನ್ ಪ್ಲಾಟ್‌ಫಾರ್ಮ್‌ನಲ್ಲಿ ಮರದ ಪೆಟ್ಟಿಗೆಗೆ ಬ್ರಷ್ ಬಡಿಯುತ್ತಾ ಕೂರುವ ಪಾಲಿಶ್‌ವಾಲಾ ಹತ್ತಿರ ಹೋಗಿ. ಐದು ನಿಮಿಷದಲ್ಲಿ ಅವರು ತರುವ ಹೊಳಪು ನಮ್ಮಿಂದ ಅರ್ಧ ಗಂಟೆಯಲ್ಲೂ ಆಗುವುದಿಲ್ಲ. ಆದರೆ ಬೂಷ್ಟು ತೆಗೆದ ಮೇಲೆ ಹೋಗಿ, ಅವರ ಬ್ರಷ್‌ಗೆ ಹತ್ತಿಸಬೇಡಿ!

ಇಷ್ಟೆಲ್ಲ ಮಾಡಿಯೂ ಮತ್ತೆ ಗಂಟು ಕಟ್ಟಿ ಪ್ಲಾಸ್ಟಿಕ್‌ನಲ್ಲಿ ಇಟ್ಟರೆ ಸುಮ್ನೆ ದಂಡ. ನಿಮ್ಮ ಶೂಗೆ ರೋಗ ಇಲ್ಲ, ರೋಗ ಇರೋದು ಕಪಾಟಿನ ಗಾಳಿಗೆ. ಗಾಳಿಯ ತೇವ ಶೇ. 65–70 ದಾಟಿದರೆ ಬೂಷ್ಟಿಗೆ ಹಬ್ಬ. ಮುಂಬೈಯಲ್ಲಿ ಜುಲೈ–ಆಗಸ್ಟ್‌ನಲ್ಲಿ ಅದು 80ರ ಮೇಲೇ ಇರುತ್ತದೆ. ನೀವು ಗಂಟು ಕಟ್ಟಿದಾಗ ಆ ತೇವವೂ ಒಳಗೇ ಸಿಕ್ಕಿಕೊಂಡಿತು. ಬಟ್ಟೆಯ ಚೀಲದಲ್ಲಿ ಇಡಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ತನ್ನಿ. ದಿನಕ್ಕೆ ಸ್ವಲ್ಪ ಹೊತ್ತು ಬಾಗಿಲು ತೆಗೆದು ಫ್ಯಾನ್ ಹಾಕಿ. ಶೂ ಇರುವುದು ಹಾಕಿಕೊಳ್ಳಲಿಕ್ಕೆ ಅಲ್ವಾ, ಮಳೆ ಬಿಟ್ಟ ದಿನ ಹಾಕಿಕೊಳ್ಳಿ, ಗಾಳಿ ಆಡುತ್ತದೆ.

ವಾಸ್ಕೋ ವಾಸಿ

ಮೇಲಿನವರು ಹೇಳಿದ್ದು ಸರಿ. ಆದರೆ ಬೆಳ್ಳಗೆ ಕಂಡದ್ದೆಲ್ಲ ಬೂಷ್ಟಲ್ಲ. ನಾವು ಸಮುದ್ರದ ಪಕ್ಕದವರು, ಇಲ್ಲಿ ಶೂ ಮೇಲೆ ಉಪ್ಪೂ ಕೂರುತ್ತದೆ. ಉಪ್ಪಾದರೆ ನೀರು ಒಣಗಿದ ಕಡೆ ಅಲೆಯ ಗೆರೆಯಂತೆ, ಗಟ್ಟಿಯಾಗಿ ಇರುತ್ತದೆ. ಬಿಳಿ ವಿನಿಗರ್‌ಗೆ ಸಮ ನೀರು ಬೆರೆಸಿ ಒರೆಸಿದರೆ ಹೋಗುತ್ತದೆ. ಮೂರನೆಯದು ಒಂದಿದೆ, ತಂಪಿಗೆ ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಬಿಳಿ ಮಂಜಿನಂತೆ ಕೂರುವುದು. ಅದಕ್ಕೆ ವಾಸನೆ ಇಲ್ಲ, ಬೆರಳಿನಿಂದ ಚೆನ್ನಾಗಿ ಉಜ್ಜಿ ಬೆಚ್ಚಗೆ ಮಾಡಿದರೆ ಕರಗಿ ಮಾಯ. ಬೂಷ್ಟು ಕರಗುವುದಿಲ್ಲ, ಹಳೇ ನೆಲಮಾಳಿಗೆಯ ವಾಸನೆ ಬರುತ್ತದೆ. ಹಸಿರು ಚುಕ್ಕೆ ಅಂದಿರಲ್ಲ, ನಿಮ್ಮದು ಬೂಷ್ಟೇ, ಅನುಮಾನ ಬೇಡ. ಆದರೆ ಆ ಹಸಿರು ಬಕಲ್ ಸುತ್ತ ಮಾತ್ರ ಇದ್ದರೆ ಹಿತ್ತಾಳೆಯ ಕಿಲುಬು ಇರಬಹುದು, ಅದನ್ನು ನೋಡಿಕೊಳ್ಳಿ.

ಕೊಬ್ಬರಿ ಎಣ್ಣೆ ಬಗ್ಗೆ ನನ್ನದು ಅವ್ವನ ಪಕ್ಷ. ನಮ್ಮ ಕಡೆ ಹಿಂದಿನಿಂದ ಹಚ್ಚುತ್ತಾ ಬಂದಿದ್ದಾರೆ.

ಹಡಪ್ಸರ್ ಅಕ್ಕ

ವಾಸ್ಕೋ ಅಣ್ಣ, ಅದೇ ಬೇಡ ಅನ್ನೋದು. ಮಳೆಗಾಲದಲ್ಲಿ ಅಡುಗೆ ಎಣ್ಣೆ ಹಚ್ಚಿದರೆ ಬೂಷ್ಟಿಗೆ ಊಟ ಬಡಿಸಿದ ಹಾಗೆ. ಕಂದು ಬೆಲ್ಟು ಕಪ್ಪಾಗುತ್ತದೆ, ಎಣ್ಣೆ ಅಂಗಿಗೂ ಹತ್ತುತ್ತದೆ, ದಿನ ಹೋದಂತೆ ಕಮಟು ವಾಸನೆ ಬೇರೆ. ಹಿಂದಿನವರು ಹಚ್ಚುತ್ತಿದ್ದದ್ದು ಹೊಲಕ್ಕೆ ಹಾಕುವ ಜೋಡಿಗೆ, ಬಿಕೆಸಿಯ ಶೂಗೆ ಅಲ್ಲ.

ಇನ್ನು ನುಸಿಗುಳಿಗೆ. ಅದು ಹುಳಕ್ಕೆ, ತೇವಕ್ಕಲ್ಲ. ಬೂಷ್ಟು ನಿಲ್ಲುವುದಿಲ್ಲ, ಆಫೀಸಿನ ಲಿಫ್ಟ್‌ನಲ್ಲಿ ಎಲ್ಲರೂ ನಿಮ್ಮಿಂದ ದೂರ ನಿಲ್ಲುತ್ತಾರೆ ಅಷ್ಟೇ. ಅದರ ಬದಲು ಸಿಲಿಕಾ ಜೆಲ್ ತಗೊಳ್ಳಿ. ಹೊಸ ಶೂ ಜೊತೆ ಬರುವ ಆ ಪುಟ್ಟ ಪೊಟ್ಟಣ ಒಂದು ಕಪಾಟಿಗೆ ಏನೂ ಸಾಲದು, ಕಾಲು ಕಿಲೋ, ಅರ್ಧ ಕಿಲೋ ಬೇಕು. ಕಿತ್ತಳೆ ಬಣ್ಣದ್ದು ತೇವ ಕುಡಿದರೆ ಹಸಿರಾಗುತ್ತದೆ, ನೀಲಿಯದ್ದು ಗುಲಾಬಿ ಆಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ತರಬೇಡಿ. ಬಣ್ಣ ಬದಲಾದದ್ದನ್ನು ಒಲೆಯ ಮೇಲೆ ಹುರಿದು ಮತ್ತೆ ಬಳಸುವವರೂ ಇದ್ದಾರೆ, ಆದರೆ ಅಡುಗೆಯ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ. ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ, ಡಬ್ಬಿಯಲ್ಲಿ ನೀರು ತುಂಬಿಕೊಳ್ಳುವ ಥರದ್ದು ಇದೆಯಲ್ಲ, ಅದರೊಳಗೆ ಕ್ಯಾಲ್ಸಿಯಂ ಕ್ಲೋರೈಡ್. ಕೆಲಸ ಜೋರಾಗಿಯೇ ಮಾಡುತ್ತದೆ. ಆದರೆ ಆ ನೀರು ಶೂ ಮೇಲೆ ಚೆಲ್ಲಿದರೆ ಚರ್ಮ ಮುದುಡಿ ಹೋಗುತ್ತದೆ. ಕೆಳಗಿನ ಖಾನೆಯಲ್ಲಿ, ಅಲುಗಾಡದ ಕಡೆ ಇಡಿ.

ಒಂದು ವಿಷಯ ಯಾರೂ ಹೇಳಲಿಲ್ಲ. ನಿಮ್ಮ ಎರಡೂ ಶೂಗಳ ಅಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿನ, ಹಗುರವಾದ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಅಟ್ಟೆ ಗಾಳಿಯ ತೇವ ಕುಡಿದು ಒಳಗಿಂದಲೇ ಕೊಳೆಯುತ್ತದೆ. ಎತ್ತಿಟ್ಟಷ್ಟೂ ಜಾಸ್ತಿ. ಮೇಲೆ ಹೊಚ್ಚ ಹೊಸದು, ಹಾಕಿಕೊಂಡು ಮದುವೆಗೆ ಹೋದರೆ ಮಂಟಪದ ತುಂಬ ಅಟ್ಟೆಯ ಪುಡಿ. ಚರ್ಮ ಚೆನ್ನಾಗಿದ್ದರೆ ಮೋಚಿಯ ಹತ್ತಿರ ರಬ್ಬರ್ ಅಟ್ಟೆ ಹಾಕಿಸಿ, ಅಂಟಿನ ಜೊತೆ ಸುತ್ತ ಹೊಲಿಗೆಯನ್ನೂ ಕೇಳಿ.

ಬ್ಯಾಗಿಗೆ ಆಸೆ ಬಿಡಿ. ಸಿಪ್ಪೆ ಏಳುವುದು ಚರ್ಮದ ಮೇಲಿನ ಪ್ಲಾಸ್ಟಿಕ್ ಪದರ, ಇಲ್ಲವೇ ಇಡೀ ಬ್ಯಾಗೇ ರೆಕ್ಸಿನ್. ಉದುರಿದ ಕಡೆ ಕೆಳಗೆ ಬಟ್ಟೆಯ ನೇಯ್ಗೆ ಕಂಡರೆ ಅದು ಚರ್ಮವೇ ಅಲ್ಲ. ಎಣ್ಣೆ, ಕ್ರೀಮ್ ಯಾವುದೂ ಅದಕ್ಕೆ ಒಳಗೆ ಹೋಗುವುದಿಲ್ಲ. ಮುಂದಿನ ಸಲ ಕೊಳ್ಳುವಾಗ ಕತ್ತರಿಸಿದ ಅಂಚು ನೋಡಿ, ನಾರು ನಾರಾಗಿ ಕಾಣಬೇಕು. ಅಂಚನ್ನೆಲ್ಲ ಮಡಚಿ ಹೊಲಿದಿದ್ದರೆ ಒಳಗಿನ ಜೇಬಿನ ಹತ್ತಿರ ಹುಡುಕಿ.

ಡೊಂಬಿವಲಿ ಫಾಸ್ಟ್

ಅಕ್ಕ ಹೇಳಿದ ಅಂಚಿನ ಮಾತು ನೂರಕ್ಕೆ ನೂರು. ಹೊಸ ಬ್ಯಾಗು ಬೇಕಿದ್ದರೆ ಧಾರಾವಿಗೆ ಬನ್ನಿ, ಸಯಾನ್ ಸ್ಟೇಷನ್‌ನಿಂದ ಹತ್ತಿರ, ಮೇನ್ ರೋಡಿನಲ್ಲೇ ಲೆದರ್ ಅಂಗಡಿಗಳ ಸಾಲಿದೆ. ಚೌಕಾಸಿ ಮಾಡಬಹುದು. ಆದರೆ ಅಲ್ಲಿಯೂ ರೆಕ್ಸಿನ್, ಚರ್ಮ ಒಂದೇ ಗೂಟಕ್ಕೆ ತೂಗುಹಾಕಿರುತ್ತಾರೆ, ಕಣ್ಣು ತೆರೆದಿಡಿ.

ಇನ್ನೊಂದು. ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತ ನೀರಲ್ಲಿ ನಡೆಯುವವರಾದರೆ, ಕಾಲಿಗೆ ಗಾಯ ಇದ್ದಾಗ ಬೇಡ. ಲೆಪ್ಟೋಸ್ಪೈರೋಸಿಸ್ ಬರುತ್ತದೆ, ಇಲಿಯ ಮೂತ್ರ ಸೇರಿದ ನೀರಿನಿಂದ. ಹಾಗೆ ನಡೆದಿದ್ದರೆ ಡಾಕ್ಟರಿಗೆ ತೋರಿಸಿ ಅಂತ ಪಾಲಿಕೆಯವರೂ ಮಳೆಗಾಲದಲ್ಲಿ ಹೇಳುತ್ತಾರೆ. ಮಳೆ ಶುರುವಾಗುವ ಮುಂಚೆ ಫುಟ್‌ಪಾತ್‌ನಲ್ಲಿ ಪ್ಲಾಸ್ಟಿಕ್ಕಿನ ಕರಿ ಶೂ ಮಾರುತ್ತಾರೆ. ದೂರದಿಂದ ಲೆದರಿನಂತೆಯೇ ಕಾಣುತ್ತದೆ, ತೊಳೆದು ನೇತು ಹಾಕಿದರೆ ಆಯಿತು. ಮ್ಯಾನೇಜರ್ ಬಗ್ಗಿ ನೋಡುವುದಿಲ್ಲ ಬಿಡಿ.

ಹುಬ್ಬಳ್ಳಿ ಹುಡುಗ, ಮುಲುಂಡ್

ಎಲ್ಲರಿಗೂ ಥ್ಯಾಂಕ್ಸ್ ರೀ. ನೀವು ಹೇಳಿದ ಆಲ್ಕೊಹಾಲ್ ತಂದು ಒರೆಸಿದೆ, ಶೂ ಸ್ವಚ್ಛ ಆಗಿದೆ, ವಾಸನೆಯೂ ಹೋಗಿದೆ. ಬೆಲ್ಟಿನಲ್ಲಿ ಕಪ್ಪು ಕಲೆ ಉಳಿದಿದೆ. ಅಟ್ಟೆ ಒತ್ತಿ ನೋಡಿದೆ, ಒಂದು ಜೊತೆ ಸರಿ ಇದೆ, ಇನ್ನೊಂದರ ಹಿಮ್ಮಡಿ ಬಿಸ್ಕತ್ತಿನ ಹಾಗೆ ಮುರಿಯಿತು! ಕೊಲ್ಹಾಪುರಿ ಬಗ್ಗೆ ಯಾರೂ ಹೇಳಲಿಲ್ಲ.

ನಿಪ್ಪಾಣಿ ಕಡೆಯವ, ಪುಣೆ

ಅದಕ್ಕೆ ನಾನಿದ್ದೀನಿ. ಅಥಣಿಯದ್ದು ಅಂದರೆ ನಿಮ್ಮ ಮಾವ ಒಳ್ಳೇ ಮಾಲು ಕೊಟ್ಟಿದ್ದಾರೆ. ಹೆಸರು ಕೊಲ್ಹಾಪುರಿ ಆದರೂ ಅರ್ಧ ನಮ್ಮದೇ. 2019ರಲ್ಲಿ ಜಿಐ ಟ್ಯಾಗ್ (ಇಂಥ ಕಡೆಯದ್ದೇ ಮಾಲು ಅನ್ನುವ ಸರ್ಕಾರಿ ಗುರುತು) ಸಿಕ್ಕಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರದ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಮಿಲಾನ್‌ನಲ್ಲಿ ಇದೇ ಥರದ್ದು ತೋರಿಸಿ, ಗದ್ದಲ ಆದ ಮೇಲೆ ಇಲ್ಲಿಂದ ಸ್ಫೂರ್ತಿ ಅಂತ ಒಪ್ಪಿದರಲ್ಲ, ಆಗ ಇಲ್ಲಿನ ಟಿವಿಯಲ್ಲಿ ಬರೀ ಕೊಲ್ಹಾಪುರದ ಹೆಸರೇ. ಅಥಣಿಯ ಕೈಗಳನ್ನು ಯಾರು ಕೇಳ್ತಾರೆ?

ಇರಲಿ. ಇದು ಆಫೀಸ್ ಶೂ ಚರ್ಮ ಅಲ್ಲ. ಅದನ್ನು ಹೆಚ್ಚಾಗಿ ಕ್ರೋಮ್ ಎಂಬ ರಾಸಾಯನಿಕದಲ್ಲಿ ಹದ ಮಾಡುತ್ತಾರೆ, ಇದನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ. ಅಟ್ಟೆಗೆ ಎಮ್ಮೆ ಚರ್ಮ, ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಹಾಗಾಗಿ ನೀರು ಕುಡಿದರೆ ಪದರ ಪದರವಾಗಿ ಉಬ್ಬುತ್ತದೆ. ಮುಂಬೈ ಮಳೆಯಲ್ಲಿ ಹಾಕಲೇಬೇಡಿ, ದೀಪಾವಳಿ ತನಕ ಬಟ್ಟೆಯಲ್ಲಿ ಸುತ್ತಿ ಗಾಳಿ ಆಡುವ ಕಡೆ ಇಡಿ, ವಾರಕ್ಕೊಮ್ಮೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ. ಅಕಸ್ಮಾತ್ ನೆನೆದರೆ ಪೇಪರ್ ಮೇಲೆ ನೆರಳಲ್ಲಿ ಒಣಗಿಸಿ, ಮೇಲೆ ಏನಾದರೂ ಸಮತಟ್ಟಾದ ಭಾರ ಇಡಿ, ಇಲ್ಲದಿದ್ದರೆ ದೋಣಿಯ ಹಾಗೆ ಬಾಗುತ್ತದೆ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಮಾತ್ರ ಒದ್ದೆ ಚಪ್ಪಲಿ ಇಡಬೇಡಿ, ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಸೇರಿ ಕಪ್ಪು ಕಲೆ ಬೀಳುತ್ತದೆ, ಜನ್ಮದಲ್ಲಿ ಹೋಗುವುದಿಲ್ಲ.

ಎಣ್ಣೆ ಜಗಳದಲ್ಲಿ ನಾನು ಮಧ್ಯೆ. ಮಳೆಗಾಲದಲ್ಲಿ ಬೇಡ ಅನ್ನೋದು ಸರಿ. ಆದರೆ ಹೊಸ ಕೊಲ್ಹಾಪುರಿಯ ಉಂಗುಟ ಮೊದಲ ವಾರ ಬೆರಳು ಕಚ್ಚುತ್ತದೆ. ಆಗ ಹರಳೆಣ್ಣೆ ಒಂದೆರಡು ಹನಿ, ಉಂಗುಟ ಮತ್ತು ಪಟ್ಟಿಗೆ ಮಾತ್ರ, ಒಣ ಹವೆಯಲ್ಲಿ. ಬಣ್ಣ ಸ್ವಲ್ಪ ಗಾಢವಾಗುತ್ತದೆ, ನನಗಂತೂ ಅದೇ ಚೆಂದ.

ಬೆಲ್ಟಿನ ಕಲೆ ಹೋಗುವುದಿಲ್ಲ. ಕಡು ಕಂದು ಕ್ರೀಮ್ ಪಾಲಿಶ್ ಹಚ್ಚಿ ಮುಚ್ಚಿ.

ಬೇಲಾಪುರ ಬಸ್ ಸ್ಟಾಪ್

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮಗನ ಹಳೇ ಸ್ಪೋರ್ಟ್ಸ್ ಶೂ ನಾಲ್ಕೈದು ಜೊತೆ ಇವೆ, ಕಾಲು ಬೆಳೆದು ಸಣ್ಣದಾದವು, ಹರಿದಿಲ್ಲ. ಯಾರಿಗಾದರೂ ಉಪಯೋಗ ಆಗುತ್ತದಾ?

ಹಡಪ್ಸರ್ ಅಕ್ಕ

ಆಗುತ್ತದೆ. ನವಿ ಮುಂಬೈಯಲ್ಲೇ ಗ್ರೀನ್‌ಸೋಲ್ ಅನ್ನುವವರು ಹಳೇ ಸ್ಪೋರ್ಟ್ಸ್ ಶೂಗಳಿಂದ ಚಪ್ಪಲಿ ಮಾಡಿ ಮಕ್ಕಳಿಗೆ ಹಂಚುತ್ತಾರೆ. ಗೂಂಜ್ ಸಂಸ್ಥೆಯವರೂ ಬಟ್ಟೆಬರೆ ತೆಗೆದುಕೊಳ್ಳುತ್ತಾರೆ. ಹೋಗುವ ಮುಂಚೆ ಅವರ ವೆಬ್‌ಸೈಟಿನಲ್ಲಿ ಈಗ ಏನು ತಗೋತಾರೆ, ಎಲ್ಲಿ ಕೊಡಬೇಕು ನೋಡಿಕೊಳ್ಳಿ. ತೊಳೆದು, ಪೂರ್ತಿ ಒಣಗಿಸಿ, ಜೊತೆ ಜೊತೆಯಾಗಿ ಲೇಸ್ ಗಂಟು ಹಾಕಿ ಕೊಡಿ, ಇಲ್ಲದಿದ್ದರೆ ರಾಶಿಯಲ್ಲಿ ಎಡಗಾಲಿನದು ಒಂದು ಕಡೆ, ಬಲಗಾಲಿನದು ಒಂದು ಕಡೆ. ಬೂಷ್ಟು ಹಿಡಿದದ್ದನ್ನು ಹಾಗೇ ಕೊಡಬೇಡಿ, ಚೀಲದಲ್ಲಿರುವ ಬೇರೆಯವರ ಬಟ್ಟೆಗೂ ಹತ್ತುತ್ತದೆ. ಮುಲುಂಡ್ ತಮ್ಮ, ನಿಮ್ಮ ಹಿಮ್ಮಡಿ ಮುರಿದ ಶೂ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಮೋಚಿಗೆ ತೋರಿಸಿ.