ಮಳೆಗಾಲದಲ್ಲಿ ಅಲ್ಯೂಮಿನಿಯಂ ಮೆಲ್ಟ್‌ನಲ್ಲಿ ಗ್ಯಾಸ್: ಯಾವ ರೀಡಿಂಗ್ ನಂಬೋದು?

ಕ್ಯೂಸಿ_ಬೆಳಗಾವಿ:
ಸಣ್ಣ ಫೌಂಡ್ರಿಯೊಂದರಲ್ಲಿ ಕ್ವಾಲಿಟಿ ನೋಡ್ಕೊಳ್ತೀನಿ. ಎಲ್‌ಎಂ25 (ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹ), ಗ್ರಾವಿಟಿ ಡೈ (ಒತ್ತಡವಿಲ್ಲದೆ ಲೋಹದ ಅಚ್ಚಿಗೆ ಸುರಿಯೋದು). ವ್ಯಾಕ್ಯೂಮ್ ಸ್ಯಾಂಪಲ್‌ನ ಡೆನ್ಸಿಟಿ ಇಂಡೆಕ್ಸ್ (ಗಾಳಿಯಲ್ಲಿ ಗಟ್ಟಿಯಾದ ಸ್ಯಾಂಪಲ್‌ಗಿಂತ ಇದರ ಸಾಂದ್ರತೆ ಶೇಕಡಾ ಎಷ್ಟು ಕಮ್ಮಿ ಅನ್ನೋದು; ಹೆಚ್ಚಿದ್ರೆ ಗುಳ್ಳೆ ಹೆಚ್ಚು) ಜನವರಿಯಲ್ಲಿ 2ರ ಆಸುಪಾಸಿತ್ತು, ಈಗ ಜುಲೈನಲ್ಲಿ 5 ದಾಟ್ತಿದೆ. ಕೊಯ್ದು ನೋಡಿದ್ರೆ ಒಳಗೆಲ್ಲ ಪಿನ್‌ಹೋಲ್. ನೈಟ್ರೋಜನ್ ಡಿಗ್ಯಾಸಿಂಗ್ (ನೈಟ್ರೋಜನ್ ಗುಳ್ಳೆ ಹಾಯಿಸಿ ಮೆಲ್ಟ್‌ನ ಗ್ಯಾಸ್ ತೆಗೆಯೋದು) ಮೊದಲಿನಷ್ಟೇ. ಎಲ್ಲರೂ ಮಳೆ ಅಂತಾರೆ. ಆದರೆ ಗೋಡೆಯ ತೇವಾಂಶ ಮೀಟರ್‌ನಲ್ಲಿ ಜನವರಿ ಬೆಳಗಿನ ಪಾಳಿಯಲ್ಲೂ 80% ಇತ್ತು, ಈಗ 85%. ಅಷ್ಟಕ್ಕೇ ಇಷ್ಟು ಫರಕು ಬರುತ್ತಾ?

ಪೀಣ್ಯ_ಡೈಕಾಸ್ಟರ್:
ಫ್ಲಕ್ಸ್ (ಮೆಲ್ಟ್ ಶುದ್ಧ ಮಾಡೋಕೆ ಹಾಕೋ ಪುಡಿ) ಚೀಲ ಬಾಯಿ ಬಿಟ್ಟಿಟ್ಟಿದ್ದೀರಾ ನೋಡಿ ಸರ್. ಉಪ್ಪಿನ ಜಾತಿ ಅದು, ನೀರು ಹೀರುತ್ತೆ. ಇಂಗಾಟ್ (ಕರಗಿಸೋ ಲೋಹದ ಗಟ್ಟಿ) ಕೂಡ ಕಾಯಿಸಿ ಹಾಕಿ.

ಹಳೇ_ಮೆಲ್ಟರ್:
ತಮ್ಮಾ, ಆ ಶೇಕಡಾ ಲೆಕ್ಕ ನಂಬಬ್ಯಾಡ. 15 ಡಿಗ್ರಿ ಚಳಿಯೊಳಗ 80% ಅಂದ್ರ ಒಂದು ಘನ ಮೀಟರ್ ಗಾಳಿಗೆ 10 ಗ್ರಾಂ ನೀರು. 25 ಡಿಗ್ರಿಯೊಳಗ 85% ಅಂದ್ರ ಹತ್ತಹತ್ರ 20 ಗ್ರಾಂ. ದುಪ್ಪಟ್ಟಾತಲ್ಲ! ಕಾದ ಅಲ್ಯೂಮಿನಿಯಂ ನೀರಾವಿಯ ಆಕ್ಸಿಜನ್ ಕಿತ್ಕೊಂಡು ಹೈಡ್ರೋಜನ್ನ ಹೊಟ್ಟಿಯೊಳಗ ಇಟ್ಕೋತೈತಿ. ಗಟ್ಟಿಯಾಗೋ ಹೊತ್ತಿಗೆ ಅದರ ಇಪ್ಪತ್ತರಾಗ ಒಂದು ಪಾಲಿಗಷ್ಟ ಜಾಗ. ಉಳಿದದ್ದು ಗುಳ್ಳಿ.

ಆದ್ರ ಲೋಹದಾಗ ಎಷ್ಟು ಗ್ಯಾಸ್ ಕರಗತೈತಿ ಅಂತ ಹೇಳೋ ಸೀವರ್ಟ್ಸ್ ನಿಯಮ ವರ್ಗಮೂಲದ್ದು. ನೀರು ಎರಡು ಪಟ್ಟಾದ್ರ ಹೈಡ್ರೋಜನ್ 1.4 ಪಟ್ಟು, ಅಷ್ಟ. 2 ಇದ್ದದ್ದು 5 ಆಗಾಕ ಅದೊಂದ ಸಾಲೂದಿಲ್ಲ. ನಿನ್ನ ಇಂಡೆಕ್ಸ್ ಬರೇ ಹೈಡ್ರೋಜನ್ ಅಳಿಯೂದಿಲ್ಲ, ಮೆಲ್ಟಿನ್ಯಾಗ ತೇಲೋ ಆಕ್ಸೈಡ್ ಪೊರೆನೂ ಅಳಿತೈತಿ. ಗುಳ್ಳಿ ಹುಟ್ಟೂದ ಆ ಪೊರೆ ಹಿಡ್ಕೊಂಡು. ರಿಟರ್ನ್ ಸ್ಕ್ರ್ಯಾಪ್ (ನಿಮ್ಮ ಎರಕದಾಗ ಉಳಿದ ತುಂಡು) ಜಾಸ್ತಿ ಹಾಕೀರೇನು?

ಡಿಗ್ಯಾಸಿಂಗ್ ಮುಗಿದ ಕೂಡ್ಲೇ ಒಂದು ಸ್ಯಾಂಪಲ್, ಅದ ಮೆಲ್ಟ್ ಅರ್ಧ ತಾಸು ಸುಮ್ನ ಬಿಟ್ಟು ಇನ್ನೊಂದು ತಗಿ. ಎರಡನೇದು ಏರಿದ್ರ ಗಾಳಿ ಇಲ್ಲಾ ಫರ್ನೇಸಿನ ಹೊಸ ಒಳಪದರ (ಲೈನಿಂಗ್) ನೀರು ಕುಡಸಾಕತ್ತೈತಿ. ಮೊದಲನೇದ ಜಾಸ್ತಿ ಇದ್ರ ನೈಟ್ರೋಜನ್ ಹಾಯಿಸಿ ತಿರುಗೋ ರೋಟರ್ ನೋಡು. ಮ್ಯಾಲ ಸುಳಿ ಎದ್ದಿತ್ತಂದ್ರ ಒಂದು ಕಡೆ ತಗದ ಗ್ಯಾಸನ್ನ ಇನ್ನೊಂದು ಕಡೆ ಗಾಳಿ ಒಳಗೆಳದು ನೀವ ತುಂಬಾಕತ್ತೀರಿ.

ಕ್ಯೂಸಿ_ಬೆಳಗಾವಿ:
ಸುಳಿ ಏಳುತ್ತೆ ಅಣ್ಣಾ, ಸ್ಪೀಡ್ ಇಳಿಸಿ ನೋಡ್ತೀನಿ. ಹೈಡ್ರೋಜನ್ ನೇರವಾಗಿ ಅಳೆಯೋ ಆಲ್‌ಸ್ಕ್ಯಾನ್ ಇರಲಿ, ಗಾಳಿಯ ನೀರು ತೋರಿಸೋ ಡ್ಯೂ ಪಾಯಿಂಟ್ ಮೀಟರ್ ಕೇಳಿದ್ರೂ ಮಾಲೀಕರು ಬೈತಾರೆ.

ಹಳೇ_ಮೆಲ್ಟರ್:
ಬ್ಯಾಡ ಬಿಡು. ಶೇಕಡಾ ಜೋಡಿ ಉಷ್ಣತೆನೂ ಬರಕೊಂಡು ಗಾಳಿಯ ನೀರಾವಿ ಟೇಬಲ್ ನೋಡಿದ್ರ ಗ್ರಾಂ ಸಿಗತಾವ. ಹೀಟ್ ಶೀಟಿನ್ಯಾಗ (ಪ್ರತಿ ಮೆಲ್ಟಿನ ದಾಖಲೆ ಹಾಳಿ) ಅದಕ್ಕೊಂದು ಕಾಲಂ ಹಾಕು. ಮೀಟರ್ ಮಾತ್ರ ಫರ್ನೇಸ್ ಬಾಜೂಕ ತೂಗಹಾಕಬ್ಯಾಡ. ಆ ಕಾವಿಗೆ ಧೋ ಅಂತ ಮಳಿ ಸುರಿದ್ರೂ 40% ಅಂತ ತೋರಿಸೀತು.